ಎರಡನೇ ಮಹಡಿಯ ದೂರುಗಳು

ದೂರಿನ ಚೀಟಿಯಲ್ಲಿ ಹೀಗೆ ಬರೆದಿತ್ತು: "ಎರಡನೇ ಮಹಡಿ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಹಗಲು ನಿಮಿಷಕ್ಕೆ ಹನ್ನೊಂದು ಹನಿ. ರಾತ್ರಿ ಹದಿಮೂರು."

ಅವಳು ಮೆಟ್ಟಿಲ ಕೆಳಗೆ ನಿಂತೇ ಅದನ್ನು ಎರಡು ಸಲ ಓದಿದಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಆಸ್ಪತ್ರೆಯ ಲ್ಯಾಬಿನಲ್ಲಿ ಐವತ್ತೆಂಟು ಜನರ ತೋಳಿನಿಂದ ರಕ್ತ ತೆಗೆದು, ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ, ಹನಿ ಎಣಿಸುವಷ್ಟು ಪುರುಸೊತ್ತಿರುವ ಮನುಷ್ಯನ ಮೇಲೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಗು. ಪೂರ್ತಿ ನಗುವುದಕ್ಕೂ ತ್ರಾಣವಿರಲಿಲ್ಲ. ಅದು ತುಟಿಯ ಅಂಚಿನಲ್ಲೇ ನಿಂತಿತು.

ಆ ಕಟ್ಟಡದಲ್ಲಿ ದೂರು ಹೇಳುವುದಕ್ಕೆ ಒಂದು ಪದ್ಧತಿಯಿತ್ತು. ಫೋನು ಮಾಡುವಂತಿಲ್ಲ, ಮೆಟ್ಟಿಲಲ್ಲಿ ಅಡ್ಡ ಹಾಕಿ ಹೇಳುವಂತಿಲ್ಲ. ಚೀಟಿ ಬರೆದು ಮೆಟ್ಟಿಲ ಕೆಳಗಿನ ತಗಡಿನ ಡಬ್ಬಿಗೆ ಹಾಕಬೇಕು. ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಮುಗಿಸಿ ಬಂದು ಅವಳು ಬೀಗ ತೆಗೆಯುತ್ತಾಳೆ. ಯಾರ ಚೀಟಿ ಮೊದಲೋ ಅವರ ಕೆಲಸ ಮೊದಲು. ಕೆಲಸವಾದ ಮೇಲೆ ಅದೇ ಚೀಟಿಯ ಬೆನ್ನಿಗೆ 'ಸರಿಪಡಿಸಲಾಗಿದೆ' ಎಂದು ಬರೆದು, ಸಹಿ ಹಾಕಿ, ಬಾಗಿಲ ಸಂದಿಯಲ್ಲಿ ತೂರಿಸುತ್ತಾಳೆ.

ಪದ್ಧತಿ ಮಾಡಿಟ್ಟು ಹೋದವರು ಅವಳ ಮಾವ. ಗಂಡ ತೀರಿಕೊಂಡ ವರ್ಷ, ಮೂರು ವರ್ಷದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಮಾತಿಲ್ಲದೆ ಕೂತಿದ್ದ ಸೊಸೆಯ ಕೈಗೆ ಅವರು ಒಂದು ಸ್ಪ್ಯಾನರ್ ಕೊಟ್ಟಿದ್ದರು. "ಅಳೋದಾದ್ರೆ ಅಳಮ್ಮ. ಆದ್ರೆ ಕೈ ಖಾಲಿ ಇಟ್ಕೊಂಡು ಅಳಬೇಡ" ಎಂದು ಹೇಳಿ, ನಲ್ಲಿಯ ವಾಶರ್ ಬದಲಿಸುವುದರಿಂದ ಹಿಡಿದು ಬಾಡಿಗೆ ಪತ್ರ ಬರೆಸುವವರೆಗೆ ಎಲ್ಲ ಕಲಿಸಿದರು. ಮನೆ ಕೊಡುವಾಗ ಅದರ ಹುಳುಕನ್ನೆಲ್ಲ ನೀನೇ ಮುಂದಾಗಿ ತೋರಿಸಿ ಪಟ್ಟಿ ಮಾಡು, ಬಿಡುವಾಗ ಜಗಳವಿರುವುದಿಲ್ಲ. ಒಂದು ದಿನ ಮುಂಚೆ ತಿಳಿಸದೆ ಅವರ ಬಾಗಿಲು ತಟ್ಟಬೇಡ, ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ಮನೆ. ಎಲ್ಲ ಮನೆಗಳ ಮೇಲೂ ಒಂದೇ ಕಣ್ಣಿರಲಿ. ಖಾಲಿ ಮಾಡಿ ಎಂದು ಬರೆಯುವ ದಿನ ಬಂದರೆ ಕಾರಣ ಬರೆಯಬೇಡ, ಬರೆದರೆ ವಾದಕ್ಕೆ ಬಾಗಿಲು ತೆರೆದ ಹಾಗೆ. ಇದಿಷ್ಟನ್ನೂ ಕಲಿಸಿ ಮಾವನೂ ಹೋಗಿ ನಾಲ್ಕು ವರ್ಷವಾಯಿತು.

ಈಗ ನೆಲಮಹಡಿಯಲ್ಲಿ ಅತ್ತೆ, ಅವಳು, ಹನ್ನೆರಡು ವರ್ಷದ ಮಗಳು. ಮೊದಲನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ. ಮೂರನೆಯದರಲ್ಲಿ ಒಂಟಿ ಜೀವ, ನಿವೃತ್ತ ಟೀಚರ್. ಎರಡನೆಯದಕ್ಕೆ ಮೊನ್ನೆ ಮೊನ್ನೆ ಬಂದವನು ಈ ಹನಿ ಎಣಿಸುವ ಮಹಾಶಯ. ಅರ್ಜಿಯಲ್ಲಿ 'ಕುಟುಂಬದ ಸದಸ್ಯರು' ಎಂಬಲ್ಲಿ 'ಒಬ್ಬನೇ' ಎಂದೂ, 'ಉದ್ಯೋಗ' ಎಂಬಲ್ಲಿ 'ಲಿಫ್ಟ್ ಮೆಕ್ಯಾನಿಕ್' ಎಂದೂ ದುಂಡಗೆ ಬರೆದಿದ್ದ. ಲಿಫ್ಟೇ ಇಲ್ಲದ ಕಟ್ಟಡಕ್ಕೆ ಲಿಫ್ಟಿನವನು ಬಂದನಲ್ಲ ಎಂದು ಟೈಲರಮ್ಮ ಒಂದು ವಾರ ನಕ್ಕಿದ್ದಳು.

ಮರುದಿನ ನಾಲ್ಕು ಗಂಟೆಗೆ ಬರುತ್ತೇನೆಂದು ತಿಳಿಸಿ, ಸರಿಯಾಗಿ ನಾಲ್ಕಕ್ಕೆ ಅವಳು ಟೂಲ್ ಬ್ಯಾಗ್ ಹಿಡಿದು ಹೋದಳು. ಬಾಗಿಲು ತೆಗೆದವನು ಆಗಷ್ಟೇ ಕೆಲಸದಿಂದ ಬಂದಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು, ಕಿವಿಯ ಮೇಲೆ ಪೆನ್ಸಿಲ್.

"ಒಂದು ಮಾತು ಕೇಳ್ಲಾ?" ಎಂದಳು, ಸಿಂಕಿನ ಕೆಳಗೆ ಬಗ್ಗುತ್ತ. "ಇಪ್ಪತ್ತು ಅಂತಸ್ತಿನ ಲಿಫ್ಟ್ ರಿಪೇರಿ ಮಾಡೋರಿಗೆ ಒಂದು ವಾಶರ್ ಹಾಕೋಕೆ ಬರಲ್ವಾ?"

"ಬರುತ್ತೆ ಮೇಡಂ."

"ಮತ್ತೆ?"

"ಬಾಡಿಗೆ ಪತ್ರದ ಒಂಬತ್ತನೇ ಷರತ್ತು. ಬಾಡಿಗೆದಾರರು ನಲ್ಲಿ, ಪೈಪು, ವೈರು ಮುಟ್ಟತಕ್ಕದ್ದಲ್ಲ."

ಅವಳು ತಲೆಯೆತ್ತಿ ನೋಡಿದಳು. ತಮಾಷೆ ಮಾಡುತ್ತಿದ್ದಾನೆಂದುಕೊಂಡರೆ ಮುಖ ಗಂಭೀರವಾಗಿತ್ತು. ಗಂಭೀರ ಎಂದುಕೊಂಡರೆ ಕಣ್ಣಿನ ಮೂಲೆಯಲ್ಲಿ ಎರಡು ಗೆರೆ ಮೂಡಿದ್ದವು.

"ಅದು ಹಿಂದಿನೋನು ಪೈಪು ಮುರಿದು ಟೈಲರಮ್ಮನ ಬಟ್ಟೆಯೆಲ್ಲ ನೆನೆಸಿದ್ದಕ್ಕೆ ಹಾಕಿಸಿದ್ದು. ಕೆಲಸ ಗೊತ್ತಿರೋರಿಗಲ್ಲ."

"ಹಾಗಂತ ಪತ್ರದಲ್ಲಿ ಇಲ್ಲ" ಎಂದು ಅವನು ಟಾರ್ಚು ಹೊತ್ತಿಸಿ ಅವಳ ಕೈಯ ಮೇಲೆ ಹಿಡಿದ. "ಬೆಳಕು ಹಿಡಿಯೋದಕ್ಕೆ ಅಡ್ಡಿ ಇಲ್ಲ ಅಂದ್ಕೋತೀನಿ. ಅದರ ಬಗ್ಗೆ ಏನೂ ಬರೆದಿಲ್ಲ."

ಬೆಳಕು ಕೊಂಚವೂ ಅಲುಗಲಿಲ್ಲ. ಅವಳ ಕೈ ಎಲ್ಲಿಗೆ ಹೋಗುತ್ತದೋ ಅರೆಕ್ಷಣ ಮುಂಚೆಯೇ ಅಲ್ಲಿರುತ್ತಿತ್ತು. ಬಹಳ ವರ್ಷಗಳಿಂದ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿ ರೂಢಿಯಾದವಳಿಗೆ ಅದು ವಿಚಿತ್ರವೆನಿಸಿತು. ಹಲ್ಲುಗಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಅದಕ್ಕೇ ಮಾತು ಬಂತು.

ಬಸ್ಸಿನಲ್ಲಿ ಸೀಟು ಸಿಗದ್ದು, ಸೂಜಿ ಕಂಡರೆ ಕಿರುಚುವ ಪೈಲ್ವಾನರು, ಏನೇನೋ ಹೇಳಿದಳು. ಅವನೂ ಹೇಳಿದ: ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಜೊತೆ ಹೊರಗಿನಿಂದ ಮಾತಾಡುತ್ತ ಇರಬೇಕಂತೆ, ಸುಮ್ಮನಾದರೆ ಅವರಿಗೆ ಭಯವಾಗುತ್ತದಂತೆ. "ಏನು ಮಾತಾಡ್ತೀರ?" ಎಂದು ಕೇಳಿದಳು. "ಏನಾದ್ರೂ. ಬೆಳಿಗ್ಗೆ ಏನು ತಿಂದ್ರಿ ಅಂತ. ಮಾತು ಮುಖ್ಯ ಅಲ್ಲ. ಹೊರಗೆ ಒಬ್ರು ಇದ್ದಾರೆ ಅಂತ ಗೊತ್ತಾಗ್ಬೇಕು, ಅಷ್ಟೆ."

ಕೆಳಗಿಳಿದು ಬರುವಾಗ ಅವಳಿಗೆ ಮೆಟ್ಟಿಲು ಎರಡು ಕಡಿಮೆಯಾದ ಹಾಗೆ ಅನಿಸಿತು.

ಆಮೇಲೆ ಚೀಟಿಗಳು ಬರುತ್ತಲೇ ಹೋದವು. ಬಚ್ಚಲ ಬಾಗಿಲು ಉಬ್ಬಿದೆ. ಹಾಲಿನ ಸ್ವಿಚ್ಚು ಗುಂಯ್ ಎನ್ನುತ್ತದೆ, ಹೊಡೆತಕ್ಕೆ ಸುಮ್ಮನಾಗುತ್ತದೆ, ಆದರೆ ಹೊಡೆಯಲು ಮನಸ್ಸಿಲ್ಲ. ಒಂದು ದಿನ ಹೀಗೆ: "ಕಿಟಕಿಯ ಚಿಲಕ ಬೀಳುತ್ತಿಲ್ಲ. ಅವಸರವಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಬಂದರೆ ಸಾಕು."

ಆ ಚೀಟಿಯ ಬೆನ್ನಿಗೆ 'ಸರಿಪಡಿಸಲಾಗಿದೆ' ಎಂದು ಬರೆದವಳು ಪೆನ್ನು ಮುಚ್ಚಲಿಲ್ಲ. ಕೆಳಗೆ ಸಣ್ಣದಾಗಿ ಸೇರಿಸಿದಳು: "ಸೀಟು ಸಿಕ್ಕಿತ್ತು. ನಿದ್ದೆ ಬಂದು ಎರಡು ಸ್ಟಾಪು ಮುಂದೆ ಹೋದೆ."

ಅಂದಿನಿಂದ ಚೀಟಿಗಳಿಗೆ ಬಾಲ ಬೆಳೆಯಿತು. ದೂರು ಒಂದು ಸಾಲು, ಉಳಿದದ್ದು ನಾಲ್ಕು ಸಾಲು. ಮಗಳಿಗೆ ಜ್ವರ ಇಳಿಯಿತೇ ಎಂದು ಅವನು ಕೇಳುತ್ತಿದ್ದ. ಎತ್ತರದ ಕೆಲಸವಿದ್ದ ದಿನ ಬೆಲ್ಟು ಮರೆಯಬೇಡಿ ಎಂದು ಇವಳು ಬರೆಯುತ್ತಿದ್ದಳು. ಹೆಂಡತಿ ಬೇಡವೆಂದು ಹೋಗಿ ಒಂಬತ್ತು ವರ್ಷವಾಯಿತೆಂದೂ, ತಪ್ಪು ಇಬ್ಬರದೂ ಇತ್ತೆಂದೂ ಅವನು ಬರೆದದ್ದು ಒಂದು ಬಲ್ಬ್ ಹೋಲ್ಡರಿನ ದೂರಿನ ಕೆಳಗೆ. ಆ ಚೀಟಿಯನ್ನು ಅವಳು ಬಾಗಿಲ ಸಂದಿಯಲ್ಲಿ ವಾಪಸು ತೂರಿಸಲಿಲ್ಲ.

ಮೂರು ಗಂಟೆ ಹೊಡೆಯುವುದನ್ನು ಅವಳು ಕಾಯತೊಡಗಿದಳು. ಬಸ್ಸಿಳಿದು ಮನೆಯ ತಿರುವಿಗೆ ಬಂದರೆ ಕಾಲು ತಾನಾಗಿಯೇ ಚುರುಕಾಗುತ್ತಿತ್ತು. ದಣಿವು ಹೋಯಿತೆಂದಲ್ಲ; ದಣಿವು ಎಲ್ಲಿಗೆ ಹೋಗುತ್ತದೆ? ಅದನ್ನು ಹೊತ್ತುಕೊಂಡು ನಡೆಯುವುದಕ್ಕೆ ಒಂದು ದಿಕ್ಕು ಸಿಕ್ಕಿತ್ತು.

ಅವನು ಬಂದ ಹತ್ತನೇ ತಿಂಗಳ ಒಂದು ಮಧ್ಯಾಹ್ನ, ಟೂಲ್ ಬ್ಯಾಗ್ ಹಿಡಿದು ಹತ್ತುತ್ತಿದ್ದವಳನ್ನು ಟೈಲರಮ್ಮ ಬಾಗಿಲಲ್ಲೇ ತಡೆದಳು. ಕುತ್ತಿಗೆಯಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ.

"ಏನಕ್ಕಾ, ಮತ್ತೆ ಎರಡನೇ ಮಹಡೀನಾ? ಆ ಮನೆ ನಲ್ಲಿಗೇನು ಟೈಫಾಯಿಡ್ಡಾ? ವಾರಕ್ಕೆರಡು ಸಲ ಹೋಗಿ ನಾಡಿ ಹಿಡೀತೀರಲ್ಲ!"

"ಹಳೇ ನಲ್ಲಿ ಕಣೇ."

"ನಂದೂ ಹಳೇದೇ. ಪಾಪ, ಅದಕ್ಕೆ ಚೀಟಿ ಬರೆಯೋಕೆ ಬರಲ್ಲ" ಎಂದು ಟೈಲರಮ್ಮ ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಮೇಲಿನಿಂದ ಟೀಚರ್ ಇಳಿದು ಬಂದರು. ಶಾಲು ಹೊದ್ದಿದ್ದರು. ಮೂಗು ಕೆಂಪಾಗಿತ್ತು, ಮಾತಿಗೆ ಮುಂಚೆ ಕೆಮ್ಮು ಬಂತು.

"ಏನಾಯ್ತು ಟೀಚರ್?"

"ಏನಿಲ್ಲಮ್ಮ, ನೆಗಡಿ. ಗೀಸರ್ ಕೆಟ್ಟಿದೆ ಅಂತ ಚೀಟಿ ಹಾಕಿದ್ನಲ್ಲ, ನಾಲ್ಕು ದಿನದಿಂದ ತಣ್ಣೀರೇ. ಪರವಾಗಿಲ್ಲ, ನಿನ್ನ ಕಷ್ಟ ನಂಗೊತ್ತು. ನಿಧಾನಕ್ಕೆ ಮಾಡು."

ನಾಲ್ಕು ದಿನದ ಹಿಂದೆ ಡಬ್ಬಿಯಲ್ಲಿ ಎರಡು ಚೀಟಿಗಳಿದ್ದವು. ಒಂದರ ಮೇಲೆ ಅವನ ದುಂಡು ಅಕ್ಷರ. ಅದನ್ನು ಅಲ್ಲೇ ನಿಂತು ಓದಿದ್ದಳು. ಇನ್ನೊಂದನ್ನು ಆಮೇಲೆ ನೋಡಿದರಾಯಿತೆಂದು ಲ್ಯಾಬ್ ಕೋಟಿನ ಜೇಬಿಗೆ ತುರುಕಿದ್ದಳು. ಕೆಳಗಿಳಿದು ಕೋಟಿನ ಜೇಬಿಗೆ ಕೈ ಹಾಕಿದರೆ, ಒಗೆದು ಒಣಗಿದ ಕಾಗದದ ಒಂದು ಬಿಳಿ ಉಂಡೆ ಸಿಕ್ಕಿತು. ಎಪ್ಪತ್ತೊಂದು ವರ್ಷದ ಹೆಂಗಸು ನಾಲ್ಕು ಬೆಳಗು ತಣ್ಣೀರಿನಲ್ಲಿ ಮೈ ತೊಳೆದದ್ದು ಆ ಉಂಡೆಯಲ್ಲಿತ್ತು.

ಎಲೆಕ್ಟ್ರಿಷಿಯನ್‌ನನ್ನು ಕೈಹಿಡಿದು ಎಳೆದುಕೊಂಡು ಬಂದು ಸಂಜೆಯೊಳಗೆ ಗೀಸರ್ ಸರಿ ಮಾಡಿಸಿದಳು. ಟೀಚರ್‌ಗೆ ಬಿಸಿನೀರು ಬಂತು. ಅವಳಿಗೆ ಸಮಾಧಾನ ಬರಲಿಲ್ಲ.

ಒಂದೇ ಕಣ್ಣಿರಲಿ ಎಂದಿದ್ದರು ಮಾವ. ಅವಳ ಕಣ್ಣು ಎರಡನೇ ಮಹಡಿಯಲ್ಲೇ ನೆಟ್ಟುಹೋಗಿತ್ತು. ಟೈಲರಮ್ಮ ಕಂಡದ್ದನ್ನು ನಾಳೆ ಅತ್ತೆಯೂ ಕಾಣುತ್ತಾರೆ. ಕಟ್ಟಡ ಇವತ್ತಿಗೂ ಅತ್ತೆಯ ಹೆಸರಿನಲ್ಲಿದೆ. ಮಗನೇ ಇಲ್ಲವಾದ ಮೇಲೂ ಸೊಸೆಯನ್ನು ಮಗಳ ಹಾಗೆ ಇಟ್ಟುಕೊಂಡವರು. ಆ ಮನೆಯಲ್ಲಿ ತಾನೂ ಒಬ್ಬ ಬಾಡಿಗೆದಾರಳೇ, ಪತ್ರ ಮಾತ್ರ ಯಾರೂ ಬರೆದಿಲ್ಲ ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು. ಇನ್ನೊಬ್ಬ ಗಂಡಸಿನ ಕಡೆ ಮನಸ್ಸು ತಿರುಗಿದ ಸೊಸೆಗೆ ಈ ಮನೆಯಲ್ಲಿ ಯಾವ ಜಾಗ? ಮಗಳ ಶಾಲೆ, ಸೂರು, ಅತ್ತೆಯ ಮುಖ, ಎಲ್ಲವೂ ಒಂದೇ ದಾರಕ್ಕೆ ಕಟ್ಟಿದ್ದವು.

ಪ್ರೀತಿಯನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಬಾಡಿಗೆದಾರರನ್ನು ಏನು ಮಾಡಬೇಕೆಂದು ಕಲಿಸಿದ್ದರು. ಅವಳು ಗೊತ್ತಿದ್ದದ್ದನ್ನು ಮಾಡಿದಳು.

"ಒಪ್ಪಂದದ ಅವಧಿ ಮುಗಿದ ನಂತರ ನವೀಕರಿಸಲಾಗುವುದಿಲ್ಲ. ದಯವಿಟ್ಟು ನಿಗದಿತ ದಿನಾಂಕದೊಳಗೆ ಮನೆ ಖಾಲಿ ಮಾಡಿಕೊಡತಕ್ಕದ್ದು."

ಕಾರಣ ಬರೆಯಲಿಲ್ಲ.

ಡಬ್ಬಿ ಖಾಲಿಯಾಯಿತು. ಒಂದು ವಾರ, ಎರಡು ವಾರ. ಟೀಚರ್ ಒಂದು ಬಲ್ಬು ಕೇಳಿದರು, ಟೈಲರಮ್ಮ ಬೇಕೆಂದೇ ಒಂದು ನಲ್ಲಿಯ ಚೀಟಿ ಹಾಕಿ ಹಲ್ಲು ಕಿರಿದಳು. ದುಂಡು ಅಕ್ಷರ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. "ನಮಸ್ಕಾರ ಮೇಡಂ" ಎನ್ನುತ್ತಿದ್ದ, ಹೊಸದಾಗಿ ಬಂದವನ ಹಾಗೆ. ಕಣ್ಣಿನ ಮೂಲೆಯ ಗೆರೆಗಳು ಮಾತ್ರ ಕಾಣಲಿಲ್ಲ.

ಅತ್ತೆಗೆ ಸುದ್ದಿ ಮುಟ್ಟಿದ್ದು ಟೈಲರಮ್ಮನಿಂದ. ಅವಳು ಕೋಟು ಕಳಚುವ ಮುಂಚೆಯೇ ಕೇಳಿದರು.

"ಎರಡನೇ ಮಹಡಿಯವರಿಗೆ ಬಿಡೋಕೆ ಹೇಳಿದ್ಯಂತೆ?"

"ಹೂಂ ಅತ್ತೆ."

"ಗಲಾಟೆ ಮಾಡ್ತಾರಾ?"

"ಇಲ್ಲ."

"ಕುಡೀತಾರಾ?"

"ಅಯ್ಯೋ, ಇಲ್ಲ."

"ಮತ್ತೇನೇ ರೋಗ?"

"ದೂರು ಜಾಸ್ತಿ ಅತ್ತೆ" ಎಂದಳು, ಮುಖ ತಿರುಗಿಸಿ ಕೋಟನ್ನು ಮೊಳೆಗೆ ಸಿಕ್ಕಿಸುತ್ತ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು, ಸೊಸೆಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ನಿನ್ನ ಮಾವನ ಪಾಠ ಚೆನ್ನಾಗಿ ಕಲ್ತಿದ್ದೀಯ. ನನ್ನ ಹತ್ರಾನೂ ಕಾರಣ ಹೇಳಲ್ಲ" ಎಂದರು. ಅದು ಸಿಟ್ಟೋ, ಅನುಮಾನವೋ, ಅವಳಿಗೆ ತಿಳಿಯಲಿಲ್ಲ.

ಕೊನೆಗೆ ಒಂದು ಚೀಟಿ ಬಂತು. "ಶನಿವಾರ ಖಾಲಿ ಮಾಡುತ್ತೇನೆ. ಮೂರೂವರೆಗೆ ಪರಿಶೀಲನೆಗೆ ಬನ್ನಿ." ಬಾಲ ಇರಲಿಲ್ಲ. ಚೀಟಿಯನ್ನು ತಿರುಗಿಸಿ ನೋಡಿದಳು. ಬೆನ್ನೂ ಖಾಲಿ.

ಆ ಶನಿವಾರ ಆಸ್ಪತ್ರೆಯಲ್ಲಿ ತಪಾಸಣಾ ಶಿಬಿರ. ನೂರಾ ಆರು ಜನ. ಕೊನೆಕೊನೆಗೆ ತೋಳು ಯಾರದು, ಮುಖ ಯಾರದು ತಿಳಿಯದಂತಾಗಿತ್ತು. ಬಸ್ಸಿಳಿದಾಗ ಪಾದ ಬೂಟಿನೊಳಗೆ ಹಿಡಿಸುತ್ತಿರಲಿಲ್ಲ. ಕಟ್ಟಡದ ಮುಂದೆ ಸಣ್ಣ ಟೆಂಪೋ ನಿಂತಿತ್ತು; ಡ್ರೈವರ್ ಸ್ಟೀರಿಂಗಿನ ಮೇಲೆ ಕಾಲು ಹಾಕಿ ಫೋನು ನೋಡುತ್ತಿದ್ದ. ಮನೆಯೊಳಗೂ ಹೋಗದೆ, ಒಂದು ವರ್ಷದ ಹಿಂದಿನ ಪಟ್ಟಿ ಹಿಡಿದು ಅವಳು ಮೆಟ್ಟಿಲು ಹತ್ತಿದಳು.

ಎರಡನೇ ಮಹಡಿಯ ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಏಳೆಂಟು ರಟ್ಟಿನ ಪೆಟ್ಟಿಗೆ, ಸುತ್ತಿದ ಹಾಸಿಗೆ. ಬರಿದಾದ ಮನೆಯಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿತ್ತು.

"ಹಾಲ್, ಉತ್ತರದ ಗೋಡೆ, ಕಿಟಕಿ ಪಕ್ಕ ಬಿರುಕು" ಎಂದು ಓದಿದಳು.

"ಹಾಗೇ ಇದೆ. ನಾನೇನೂ ಸೇರಿಸಿಲ್ಲ."

"ಅಡುಗೆಮನೆ, ಕಲ್ಲಿನ ಅಂಚು ಒಂದಿಂಚು ಒಡೆದಿದೆ."

"ಒಂದಿಂಚೇ."

"ಬಚ್ಚಲ ಕನ್ನಡಿ, ಕೆಳಗಿನ ಮೂಲೆ ಕಪ್ಪು."

"ಮೇಲಿನ ಮೂಲೆನೂ ಸ್ವಲ್ಪ ಆಗಿದೆ. ಬರ್ಕೊಳ್ಳಿ. ನನ್ನ ಕಾಲದಲ್ಲಿ ಆಗಿದ್ದು."

ಅವಳು ಬರೆದುಕೊಂಡಳು. ಪರಿಶೀಲನೆ ಕಾಲು ಗಂಟೆಯಲ್ಲಿ ಮುಗಿಯಿತು; ಮುಗಿಯಬಾರದೆಂದು ಎರಡು ಸ್ವಿಚ್ಚುಗಳನ್ನು ಎರಡೆರಡು ಸಲ ಹಾಕಿ ನೋಡಿದಳು.

"ಹೊಸ ಮನೆ ಹೇಗಿದೆ?" ಎಂದಳು, ಪಟ್ಟಿಯಿಂದ ತಲೆಯೆತ್ತದೆ.

"ಇದೆ. ಎರಡು ಬಸ್ ಬದಲಾಯಿಸ್ಬೇಕು."

"ಓನರ್?"

"ಗಂಡಸು. ದಪ್ಪ ಮೀಸೆ. ಅವರ ಮುಖ ನೋಡಿದ್ರೆ ದೂರು ಬರೆಯೋ ಹುಮ್ಮಸ್ಸೇ ಬರಲ್ಲ."

ಅವಳಿಗೆ ನಗು ಬಂತು. ಅವನು ಕೀಲಿಗೊಂಚಲು ಅವಳ ಕೈಯಲ್ಲಿಟ್ಟ. ಇಬ್ಬರೂ ಗೋಡೆಗೆ ಕಾಗದವಿಟ್ಟು ಸಹಿ ಹಾಕಿದರು.

"ಒಂದು ಕೇಳ್ಬೇಕಿತ್ತು ಮೇಡಂ. ನೋಟಿಸಿನಲ್ಲಿ ಕಾರಣ ಇರಲಿಲ್ಲ. ಕೇಳೋ ಹಕ್ಕು ನನಗಿಲ್ಲ, ಪತ್ರದಲ್ಲಿ ಹಾಗೇ ಇದೆ. ಆದ್ರೆ ಈಗ ಕೀಲಿ ಕೊಟ್ಟಾಯ್ತು, ನಾನು ನಿಮ್ಮ ಬಾಡಿಗೆದಾರ ಅಲ್ಲ. ಅದಕ್ಕೆ ಕೇಳ್ತೀನಿ. ನನ್ನ ದೂರುಗಳು ಜಾಸ್ತಿ ಆದ್ವಾ? ನಾನೇ ಬೇಕಂತ ಕೆಡಿಸ್ತಿದ್ದೆ ಅಂದ್ಕೊಂಡ್ರಾ?"

"ಕೆಡಿಸ್ತಿದ್ರಾ?"

"ಇಲ್ಲ. ನನ್ನ ಕೈಗೆ ಆ ಕೆಲಸ ಬರಲ್ಲ." ಅವನು ಗ್ರೀಸು ಹೋಗದ ಬೆರಳುಗಳನ್ನು ನೋಡಿಕೊಂಡ. "ಎಲ್ಲ ನಿಜವಾಗ್ಲೂ ಕೆಟ್ಟಿದ್ದೇ. ಆದ್ರೆ ಬೇರೆ ಓನರ್ ಆಗಿದ್ರೆ ಅರ್ಧಕ್ಕರ್ಧ ಬರೀತಿರಲಿಲ್ಲ. ಹಾಗೇ ಸಹಿಸ್ಕೊಂಡು ಇರ್ತಿದ್ದೆ."

ಅವಳು ಗೋಡೆಗೊರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. ಅವನು ಗಾಬರಿಯಿಂದ ಬಗ್ಗಿದ. ಬೇಡವೆಂದು ಕೈ ಆಡಿಸಿದಳು. ಸ್ವಲ್ಪ ಹೊತ್ತು ನೋಡಿ, ಅವನೂ ಎದುರಿನ ಗೋಡೆಗೊರಗಿ ಕೂತ. ನಡುವೆ ಬರಿ ನೆಲ, ಅದರ ಮೇಲೆ ಕಿಟಕಿಯ ಬಿಸಿಲು.

"ಟೀಚರ್‌ಗೆ ನೆಗಡಿ ಆಗಿತ್ತಲ್ಲ" ಎಂದಳು. "ನಾಲ್ಕು ದಿನ ತಣ್ಣೀರು ಸ್ನಾನ. ಅವರ ಚೀಟಿ ನನ್ನ ಜೇಬಲ್ಲಿತ್ತು. ನಿಮ್ಮದನ್ನ ಓದೋ ಭರದಲ್ಲಿ ಅದನ್ನ ಮರೆತೆ. ಕೋಟಿನ ಜೊತೆ ಒಗೆದೂ ಹಾಕಿದೆ."

ಅವನು ಮಂಡಿ ಮಡಚಿ ಅವಳತ್ತ ಬಾಗಿ ಕೂತ.

"ಇಷ್ಟು ವರ್ಷದಲ್ಲಿ ಒಂದು ಚೀಟಿ ಕಳ್ದಿರಲಿಲ್ಲ."

"ಅಂದ್ರೆ... ನಾನು ಕೆಟ್ಟ ಬಾಡಿಗೆದಾರ ಅಂತಲ್ಲ?"

"ನಾನು ಕೆಟ್ಟ ಓನರ್ ಆಗ್ತಿದ್ದೀನಿ ಅಂತ." ಮಾತು ಹೊರಬಿದ್ದ ಮೇಲೆ ಅವಳಿಗೆ ಹೆದರಿಕೆಯಾಗಲಿಲ್ಲ, ಹೆದರುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. "ಡಬ್ಬಿ ತೆಗೆದಾಗ ನಿಮ್ಮ ಅಕ್ಷರ ಇಲ್ಲದಿದ್ರೆ, ಮೂರು ಮನೇಲೂ ಏನೂ ಕೆಟ್ಟಿಲ್ಲ ಅಂತ ಸಂತೋಷ ಆಗ್ಬೇಕು ತಾನೆ? ನನಗೆ ಅಳು ಬರ್ತಿತ್ತು."

ಅವನ ಕಣ್ಣಿನ ಮೂಲೆಯಲ್ಲಿ ಮೊದಲು ಒಂದು ಗೆರೆ ಬಂತು. ಆಮೇಲೆ ಇನ್ನೊಂದು. ಆದರೆ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ತಿರುಗಿಸಿ ನೋಡಿ, ನೆಲದ ಮೇಲಿಟ್ಟ.

"ನಾನು ಆರು ವಾರದಿಂದ ಯೋಚಿಸ್ತಿದ್ದೀನಿ" ಎಂದ. "ನನ್ನ ಚೀಟಿ ಓದಿ ಓದಿ ನಿಮಗೆ ಹೊರೆ ಅನ್ನಿಸ್ತೇನೋ ಅಂತ. ಅಷ್ಟು ಸುಸ್ತಾಗಿ ಬರೋರಿಗೆ ಇನ್ನಷ್ಟು ಮೆಟ್ಟಿಲು ಹತ್ತಿಸಿದ್ನಲ್ಲ ಅಂತ. ನಿಮ್ಮನ್ನ ನೋಡ್ಬೇಕು ಅನ್ನಿಸ್ತಿತ್ತು, ಅದಕ್ಕೆ ನಿಮಗೇ ಕೆಲಸ ಹಚ್ತಿದ್ದೆ. ಇದೆಂಥ ಪ್ರೀತಿ ಅಂತ ನನಗೇ ನಾಚಿಕೆ ಆಯ್ತು."

ಪ್ರೀತಿ ಎಂಬ ಶಬ್ದ ಬರಿದಾದ ಮನೆಯಲ್ಲಿ ಒಂದು ಸುತ್ತು ತಿರುಗಿ, ಇಬ್ಬರ ನಡುವಿನ ಬಿಸಿಲಿನಲ್ಲಿ ಕೂತಿತು. ಯಾರೂ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಅತ್ತೆ ಇದ್ದಾರೆ" ಎಂದಳು. "ಮನೆ ಅವರದು. ಮಗಳು ಅವರ ಮೊಮ್ಮಗಳು. ನಾನು ಅವರ ಮಗನ ಹೆಂಡ್ತಿ. ಅವರು ಬೇಡ ಅಂದ್ರೆ ನನಗೆ ಬೇಕು ಅನ್ನೋ ಬಾಯಿ ಇಲ್ಲ."

"ಗೊತ್ತು."

"ಕಾಯ್ತೀರಾ?"

"ಹೊರಗೆ ನಿಂತು ಕಾಯೋದೇ ನನ್ನ ಕೆಲಸ" ಎಂದ ಅವನು. "ನೀವು ಮಾತಾಡ್ಬೇಕಾಗೂ ಇಲ್ಲ. ಸ್ವಲ್ಪ ಕಣ್ಮುಚ್ಚಿ. ಬಿಳುಚ್ಕೊಂಡಿದ್ದೀರ. ಮೆಟ್ಟಿಲು ಇಳಿಯೋ ಹಾಗೆ ಕಾಣಲ್ಲ."

ಎರಡೇ ನಿಮಿಷ ಎಂದುಕೊಂಡು ಅವಳು ತಲೆಯನ್ನು ಗೋಡೆಗೆ ಒರಗಿಸಿದಳು. ಕೆಳಗೆ ಟೆಂಪೋ ಹಾರನ್ ಮಾಡಿದ್ದು ಕೇಳಿಸಿತು. ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಎದುರಿನ ಗೋಡೆಯ ಕಡೆಯಿಂದ ಉಸಿರಾಟ ಮಾತ್ರ ಬರುತ್ತಿತ್ತು, ನಿಧಾನವಾಗಿ, ಒಂದೇ ಸಮನೆ.

ಕಣ್ಣು ಬಿಟ್ಟಾಗ ಬಿಸಿಲು ನೆಲ ಬಿಟ್ಟು ಎದುರಿನ ಗೋಡೆ ಹತ್ತಿತ್ತು. ಅವಳು ಉದ್ದಕ್ಕೆ ಮಲಗಿದ್ದಳು. ಪೆಟ್ಟಿಗೆಗಳು ಇರಲಿಲ್ಲ, ಹಾಸಿಗೆ ಇರಲಿಲ್ಲ. ಅವನು ಬಾಗಿಲ ಹೊಸ್ತಿಲಲ್ಲಿ ಬರಿಗಾಲಲ್ಲಿ ಕೂತಿದ್ದ, ಚಪ್ಪಲಿ ಪಕ್ಕದಲ್ಲಿತ್ತು. ಶಬ್ದವಾಗದಿರಲೆಂದು ಬರಿಗಾಲಲ್ಲೇ ಪೆಟ್ಟಿಗೆಗಳನ್ನೆಲ್ಲ ಇಳಿಸಿದ್ದನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಎಷ್ಟು ಹೊತ್ತಾಯ್ತು?"

"ಒಂದೂ ಕಾಲು ಗಂಟೆ."

"ಅಯ್ಯೋ! ಎಬ್ಬಿಸ್ಬಾರದಾ? ಟೆಂಪೋದವನು?"

"ಎರಡು ಸಲ ಬಂದು ಕೂಗಾಡಿದ. ಮೂರನೇ ಸಲ ನಿಮ್ಮನ್ನ ನೋಡಿ, ಅವನೂ ಕೆಳಗೆ ಹೋಗಿ ಮಲಗಿದ."

ಅವಳು ದಡಬಡಿಸಿ ಏಳಹೋದಳು. ಆಗ ಕೈಗೆ ಮೆತ್ತಗಿನದು ತಗುಲಿತು. ತಲೆಯ ಕೆಳಗೆ ದಿಂಬಿತ್ತು. ನೀಲಿ ಚೌಕದ ಗವಸು, ಒಂದು ಮೂಲೆಯಲ್ಲಿ ಮಗಳ ಪೆನ್ನಿನ ಮಸಿಯ ಕಲೆ. ಅವನದಲ್ಲ. ಅವಳ ಮಂಚದ ಮೇಲಿನದು.

"ಇದು ಎಲ್ಲಿಂದ ಬಂತು?"

"ನಿಮ್ಮ ಅತ್ತೆ ಬಂದಿದ್ರು."

ಮಂಡಿನೋವಿನಿಂದ ಎರಡು ವರ್ಷದಿಂದ ಒಂದು ಮೆಟ್ಟಿಲೂ ಹತ್ತದ ಅತ್ತೆ. "ಅತ್ತೆ... ಇಲ್ಲಿಗೆ? ಹತ್ಕೊಂಡು?"

"ಪ್ರತಿ ತಿರುವಿನಲ್ಲೂ ಕೂತು ಕೂತು ಬಂದ್ರು. ಸೊಸೆ ಮೂರು ಗಂಟೆಗೆ ಬರೋಳು, ಕಾಣ್ಲಿಲ್ಲ ಅಂತ. ನೀವು ಮಲಗಿದ್ದನ್ನ ನೋಡಿದ್ರು. ನನ್ನನ್ನೂ ನೋಡಿದ್ರು, ಕನ್ನಡಕ ಒರೆಸ್ಕೊಂಡು. ಏನೂ ಹೇಳ್ದೆ ಇಳಿದು ಹೋದ್ರು. ನನ್ನ ಕಥೆ ಮುಗೀತು ಅಂದ್ಕೊಂಡೆ." ಅವನು ಚಪ್ಪಲಿ ಮೆಟ್ಟಿಕೊಂಡ. "ಆಮೇಲೆ ಮತ್ತೆ ಹತ್ತಿ ಬಂದ್ರು, ದಿಂಬು ತಗೊಂಡು. 'ದಿಂಬಿಲ್ದೆ ಮಲಗಿದ್ರೆ ಅವಳಿಗೆ ಕತ್ತು ಹಿಡ್ಕೊಳ್ಳುತ್ತೆ, ತಲೆ ಎತ್ತಪ್ಪ' ಅಂದ್ರು."

"ಎತ್ತಪ್ಪ ಅಂದ್ರಾ? ನಿಮಗೆ?"

"ನನಗೇ. ನಾನು ಎತ್ತಿದೆ, ಅವರು ದಿಂಬು ಇಟ್ರು."

ಅವಳು ದಿಂಬನ್ನು ಎದೆಗವಚಿಕೊಂಡಳು. ಕಣ್ಣೀರು ಗವಸಿನ ನೀಲಿ ಚೌಕಗಳ ಮೇಲೆ ಬಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಇಷ್ಟು ವರ್ಷ ತನ್ನನ್ನು ಯಾರ ಮನೆಯಲ್ಲಿ ಯಾರೆಂದುಕೊಂಡಿದ್ದಳೋ, ಅದೆಲ್ಲ ಎರಡು ಮಹಡಿಯ ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಎರಡೆರಡು ಸಲ ಹತ್ತಿ ಬಂದ ಆ ಮುದುಕಿಯ ಮುಂದೆ ಸುಳ್ಳಾಯಿತು.

"ಇನ್ನೇನಾದ್ರೂ ಅಂದ್ರಾ?"

"ಹೋಗ್ತಾ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ರು." ಅವನು ಎದ್ದು ಬಂದು, ಅವಳಿಗೆ ಏಳಲು ಕೈ ಚಾಚಿದ. ಅವಳು ಹಿಡಿದುಕೊಂಡಳು. ಒರಟು ಕೈ, ಬೆಚ್ಚಗಿತ್ತು. "'ಸಾಮಾನೆಲ್ಲ ಆ ಮನೆಗೆ ಹೋಗ್ಲಿ, ಅದು ಅದರ ಪಾಡಿಗೆ. ಊಟಕ್ಕೆ ಮಾತ್ರ ಇಬ್ರೂ ಕೆಳಗೆ ಬನ್ನಿ. ಅವಳು ಎದ್ದ ಮೇಲೆ. ಎಬ್ಬಿಸ್ಬೇಡ' ಅಂದ್ರು."